ಹೆಪ್ಪಿಗಿಟ್ಟ ಮಾತ್ರೆ

ನನ್ನ ಹೆಂಡತಿಯ ಅಣ್ಣ ಪಂಚಾಕ್ಷರಿ ಭಾವ ಯಾವ ಹೊಸ ಯಂತ್ರ ಮಾಡಿದರೂ ಅದರ ಮೊದಲ ಪ್ರದರ್ಶನ ನಮ್ಮ ಮನೆಯ ಊಟದ ಮೇಜಿನ ಮೇಲೇ ಆಗಬೇಕು. ಅವರ ಮನೆಯ ಮೇಜು ಹಿಂದಿನ ಪ್ರದರ್ಶನವೊಂದರಲ್ಲಿ ಸುಟ್ಟುಹೋಗಿದೆ. ಭಾವ ತಿಪಟೂರಿನ ಎಣ್ಣೆ ಮಿಲ್ಲೊಂದರಲ್ಲಿ ಮೂವತ್ತು ವರ್ಷ ಯಂತ್ರ ರಿಪೇರಿ ಮಾಡಿ ನಿವೃತ್ತರಾದವರು. ಆಮೇಲೆ ರಿಪೇರಿಗೆ ಕೆಟ್ಟ ಯಂತ್ರಗಳು ಸಿಗದೆ ಬೇಸರವಾಗಿ, ತಾವೇ ಕೆಡುವಂಥ ಯಂತ್ರಗಳನ್ನು ತಯಾರಿಸಲು ಶುರುಮಾಡಿದರು.

ಡಿಸೆಂಬರಿನ ಕೊನೆಯ ಭಾನುವಾರ ಅವರು ಹೊತ್ತು ತಂದದ್ದು ಒಂದು ಹಳೆಯ ಪ್ರೆಶರ್ ಕುಕ್ಕರು. ಅದರ ನೆತ್ತಿಯ ಮೇಲೆ ಹೊಲಿಗೆ ಯಂತ್ರದ ಮೋಟಾರು, ಪಕ್ಕದಲ್ಲಿ ಶ್ಯಾವಿಗೆ ಒರಳು, ಕೆಳಗೊಂದು ಹಿತ್ತಾಳೆ ನಲ್ಲಿ. ಸ್ವಿಚ್ಚು ಹಾಕಿದಾಗ ಕಾಲು ಗಂಟೆ ಗೊರಗುಟ್ಟಿತು. ಮೂರು ಸಲ ಸೀಟಿ ಹೊಡೆಯಿತು. ಕೊನೆಗೆ ನಲ್ಲಿಯಿಂದ ಕಡಲೆಕಾಳಿನಷ್ಟು ದೊಡ್ಡ ಒಂದೇ ಒಂದು ಹಳದಿ ಮಾತ್ರೆ ತಟ್ಟೆಗೆ ಬಿತ್ತು. ಬಿದ್ದದ್ದು ಸುಮ್ಮನಿರದೆ ಸಣ್ಣಗೆ ನಡುಗುತ್ತಿತ್ತು.

"ಇಷ್ಟೇನಾ?" ಎಂದೆ.

"ಇಷ್ಟೇನಾ ಅಂತೀರಲ್ಲ ರೇಣುಕಪ್ಪ. ಇದರೊಳಗೆ ನಲವತ್ತು ಕೋಟಿ ಜೀವ ಇದಾವೆ," ಎಂದು ಭಾವ ಎದೆ ಉಬ್ಬಿಸಿದರು. "ನಾವು ತಿಂದಿದ್ದು ಮೈಗೆ ಬೇಕಾದಷ್ಟು ಹೋಗಿ, ಮಿಕ್ಕಿದ್ದು ಕೊಬ್ಬಾಗಿ ಕೂತ್ಕೊಳ್ಳುತ್ತೆ. ಇವು ಹೊಟ್ಟೆ ಒಳಗಿದ್ದು ಆ ಮಿಕ್ಕಿದ್ದನ್ನ ತಾವು ತಿಂತವೆ. ತಿಂದು ಶಾಖ ಮಾಡಿ ಬಿಡ್ತವೆ. ಮೈ ಒಂಚೂರು ಬೆಚ್ಚಗಾಗುತ್ತೆ, ತೂಕ ಇಳಿಯುತ್ತೆ, ಒಂಬತ್ತನೇ ದಿನ ತಾವಾಗೇ ಸಾಯ್ತವೆ. ಆ ಒಂಬತ್ತು ದಿನದ ಆಯಸ್ಸು ಬರೆಯೋದೇ ಈ ಯಂತ್ರದ ಕೆಲಸ."

"ಸಾಯ್ದೇ ಇದ್ರೆ?"

"ಯಾಕೆ ಸಾಯಲ್ಲ? ನಾನು ಬರೆದಿದೀನಲ್ಲ."

"ಯಾರ ಮೇಲಾದ್ರೂ ಪರೀಕ್ಷೆ ಮಾಡಿ ನೋಡಿದೀರಾ ಭಾವ?"

"ಮಾಡ್ತಾ ಇದೀನಲ್ಲ, ಇವತ್ತು," ಎಂದು ಅವರು ತಮ್ಮ ತಂಗಿಯ ಕಡೆ ತಟ್ಟೆ ಸರಿಸಿದರು.

ತಂಗಿ ಎಂದರೆ ನನ್ನ ಹೆಂಡತಿ ಸರ್ವಮಂಗಳ. ಅವಳಿಗೆ ಮಂಡಿ ನೋವು. ಕುರ್ಚಿಯಿಂದ ಏಳುವಾಗ ಮೇಜು ಹಿಡಿಯಬೇಕು, ನೆಲಕ್ಕೆ ಕೂತರಂತೂ ಏಳಿಸಲು ನಾನು ಮತ್ತು ಇನ್ನೊಬ್ಬರು ಬೇಕು. ಮಗಳು ಸ್ಪಂದನ ಬಸುರಿ, ಫೆಬ್ರವರಿ ಕೊನೆಗೆ ದಿನ. ಸರ್ವಮಂಗಳಳಿಗೆ ಇದ್ದದ್ದು ಒಂದೇ ಆಸೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ ಕೂತು, ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕಬೇಕು. ಅವಳ ಅವ್ವ ಸ್ಪಂದನಳಿಗೆ ಹಾಕಿದ್ದು ಹಾಗೇ.

ದಸರಾ ಹೊತ್ತಿಗೆ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಅವರು ಮಂಡಿ ಒತ್ತಿ ನೋಡಿ, ಆರು ಕೆಜಿ ಇಳಿಸಿದರೆ ನೆಲಕ್ಕೆ ಕೂರಬಹುದು ಎಂದು ಹೇಳಿ ಒಂದು ಚೀಟಿ ಬರೆದುಕೊಟ್ಟರು. ಅನ್ನ ಅರ್ಧ, ಸೊಪ್ಪು ತರಕಾರಿ ಎರಡರಷ್ಟು, ರಾತ್ರಿ ರಾಗಿ, ಸಿಹಿ ಬೇಡ, ಬೆಳಿಗ್ಗೆ ನಲವತ್ತು ನಿಮಿಷ ನಡಿಗೆ, ತಿಂಗಳಿಗೆ ಒಂದೂವರೆ ಕೆಜಿ ಇಳಿದರೆ ಸಾಕು, ಅವಸರ ಬೇಡ. ಸರ್ವಮಂಗಳ ಆ ಚೀಟಿಯನ್ನು ಭಕ್ತಿಯಿಂದ ಕ್ಯಾಲೆಂಡರಿಗೆ ಸಿಕ್ಕಿಸಿದಳು. ಎರಡು ದಿನ ನಡೆದಳು. ಮೂರನೆಯ ದಿನ ಚಳಿ ಎಂದಳು. ನಾಲ್ಕನೆಯ ದಿನ ಕ್ಯಾಲೆಂಡರಿನ ಹಾಳೆ ತಿರುವಿದಾಗ ಚೀಟಿ ಹಿಂದೆ ಹೋಯಿತು.

ನಾನು ಹೆದರುವ ಜಾತಿಯವನು, ಒಪ್ಪಿಕೊಳ್ಳುತ್ತೇನೆ. ಊರಾಚೆಯ ಹಾಲು ತಂಪು ಮಾಡುವ ಕೇಂದ್ರದಲ್ಲಿ ನನ್ನ ಕೆಲಸ. ಹಳ್ಳಿಗಳಿಂದ ಬಂದ ಹಾಲನ್ನು ನಾಲ್ಕು ಡಿಗ್ರಿಗೆ ಇಳಿಸಿ, ಅಲ್ಲೇ ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯಬೇಕು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದವನಿಗೆ ಬೆಚ್ಚಗೆ ಎಂಬ ಮಾತು ಕಿವಿಗೆ ಬಿದ್ದರೇ ಎದೆ ಹೊಡೆದುಕೊಳ್ಳುತ್ತದೆ.

"ಮಂಗಳ, ಬೇಡ ಕಣೆ. ಚೀಟಿ ಇದೆ, ನಾಳೆಯಿಂದ ನಾನೂ ಜೊತೆಗೆ ನಡೀತೀನಿ," ಎಂದೆ.

"ನೀವು ಸುಮ್ನಿರ್ರಿ. ನನ್ನ ಅಣ್ಣ ನಂಗೆ ವಿಷ ಕೊಡ್ತಾನಾ?"

"ವಿಷ ಅಂತ ಗೊತ್ತಿದ್ದು ಕೊಡಲ್ಲ," ಎಂದೆ. ಭಾವ ಇದನ್ನು ಹೊಗಳಿಕೆ ಎಂದು ತಿಳಿದು ನಕ್ಕರು. ಅವಳು ಮಾತ್ರೆ ಎತ್ತಿಕೊಂಡು, ನೀರಿಗೆಂದು ಅಡುಗೆಮನೆಗೆ ಹೋದಳು.

*

ಮೊದಲ ಮೂರು ದಿನ ಏನೂ ಆಗಲಿಲ್ಲ. ಆ ವರ್ಷ ತಿಪಟೂರಿನಲ್ಲಿ ಚಳಿ ಹಲ್ಲು ಕಟಕಟಿಸುವಷ್ಟಿತ್ತು. ಇಡ್ಲಿ ಹಿಟ್ಟು ಯಾರ ಮನೆಯಲ್ಲೂ ಉಕ್ಕುತ್ತಿರಲಿಲ್ಲ. ನಾಲ್ಕನೆಯ ದಿನ ಸರ್ವಮಂಗಳ ಹಿಟ್ಟಿನ ಪಾತ್ರೆಯನ್ನು ಪಕ್ಕಕ್ಕಿಟ್ಟುಕೊಂಡು ಟಿವಿ ನೋಡುತ್ತಿದ್ದಳು. ಧಾರಾವಾಹಿ ಮುಗಿಯುವಷ್ಟರಲ್ಲಿ ಹಿಟ್ಟು ಮುಚ್ಚಳ ಎತ್ತಿಕೊಂಡು ಎದ್ದು, ಅವಳ ಸೆರಗಿನ ಮೇಲೆ ಹರಿದಿತ್ತು.

ಅವಳಿಗೆ ಖುಷಿಯೋ ಖುಷಿ. ಐದನೆಯ ದಿನ ಎದುರು ಮನೆಯ ಪುಟ್ಟಗಂಗಮ್ಮನೂ ತಮ್ಮ ಹಿಟ್ಟಿನ ಪಾತ್ರೆ ತಂದಿಟ್ಟರು. ಬೀದಿಯ ಬೆಕ್ಕುಗಳು ಬಂದು ಅವಳ ಕಾಲ ಬುಡದಲ್ಲಿ ಸಾಲಾಗಿ ಮಲಗಿದವು. ಅವಳ ಕುರ್ಚಿಯ ಸುತ್ತ ಹಪ್ಪಳ ಹರಡಿದರೆ ಮಧ್ಯಾಹ್ನಕ್ಕೆ ಒಣಗಿ ಕರುಂ ಅನ್ನುತ್ತಿದ್ದವು. ತಕ್ಕಡಿಯ ಮುಳ್ಳು ಎರಡು ಕೆಜಿ ಕೆಳಗೆ ಬಂದಿತ್ತು. ನಾನೂ ಒಂದು ಸತ್ಯ ಹೇಳಿಬಿಡಬೇಕು. ಆ ಚಳಿಯಲ್ಲಿ ಪಕ್ಕದಲ್ಲಿ ಅಷ್ಟು ಬೆಚ್ಚಗೆ ಹೆಂಡತಿ ಮಲಗಿದ್ದರೆ, ಮೊದಲ ಎರಡು ದಿನ ನಾನು ಬಾಯಿ ಮುಚ್ಚಿಕೊಂಡು ಸುಖವಾಗಿ ನಿದ್ದೆ ಮಾಡಿದೆ. ಅದಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಏಕೆಂದರೆ ಅವಳು ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಅವಳ ಎದೆಬಡಿತ ದಿಂಬಿನ ಮೂಲಕ ನನಗೆ ಕೇಳುತ್ತಿತ್ತು. ಕಾಫಿ ಲೋಟ ಹಿಡಿದರೆ ಕೈ ನಡುಗಿ ಲೋಟ ತಟ್ಟೆಗೆ ತಾಗಿ ಟಿಣಿಟಿಣಿ ಅನ್ನುತ್ತಿತ್ತು. ಥರ್ಮಾಮೀಟರ್ ಇಟ್ಟು ನೋಡಿದೆ, ನೂರು. ಮಾರನೆಯ ದಿನ ನೂರೊಂದು. ನಾನು ಹಾಲಿಗೆ ಬರೆಯುವ ಹಾಗೆಯೇ ಹಳೆಯ ನೋಟುಬುಕ್ಕಿನಲ್ಲಿ ಅರ್ಧ ಗಂಟೆಗೊಮ್ಮೆ ಬರೆಯತೊಡಗಿದೆ.

"ನಾನೇನು ನಿಮ್ಮ ಹಾಲಿನ ಟ್ಯಾಂಕಾ?" ಎಂದು ಅವಳು ರೇಗಿದಳು.

"ಟ್ಯಾಂಕು ಇಷ್ಟು ಬಿಸಿಯಾಗಿದ್ರೆ ಇಷ್ಟೊತ್ತಿಗೆ ಮೇಲಿನೋರಿಗೆ ಫೋನ್ ಮಾಡಿರ್ತಿದ್ದೆ."

ಒಂಬತ್ತನೆಯ ದಿನಕ್ಕೆ ಎಲ್ಲ ಸಾಯುತ್ತವಲ್ಲ ಎಂದು ದಿನ ಎಣಿಸಿದೆ. ಒಂಬತ್ತಾಯಿತು, ಹತ್ತಾಯಿತು. ಹನ್ನೊಂದನೆಯ ದಿನ ನೂರೊಂದೂವರೆ. ಭಾವನಿಗೆ ಫೋನ್ ಮಾಡಿದೆ.

"ಸಾಧ್ಯವೇ ಇಲ್ಲ," ಎಂದರು ಅವರು. "ಒಂಬತ್ತು ಅಂದ್ರೆ ಒಂಬತ್ತೇ. ನಿಮ್ಮ ಥರ್ಮಾಮೀಟರ್ ಕೆಟ್ಟಿರಬೇಕು, ತನ್ನಿ ರಿಪೇರಿ ಮಾಡ್ತೀನಿ."

*

ಅವತ್ತು ಸಂಜೆ ಮಜ್ಜಿಗೆ ಬೇಕೆಂದು ಅಡುಗೆಮನೆಗೆ ಹೋದೆ. ಮೊಸರಿನ ಪಾತ್ರೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಸ್ಟೀಲ್ ಬಟ್ಟಲು ಇತ್ತು, ಮೇಲೊಂದು ತಟ್ಟೆ ಮುಚ್ಚಿತ್ತು. ತಟ್ಟೆ ಎತ್ತಿದರೆ ಒಳಗೆ ತಿಳಿ ಹಳದಿ ಮೊಸರು. ಯಾರೂ ಮುಟ್ಟದಿದ್ದರೂ ಸಣ್ಣಗೆ ನಡುಗುತ್ತಿತ್ತು.

"ಮಂಗಳ, ಏನೇ ಇದು?"

ಅವಳು ಬಂದು ಬಾಗಿಲಲ್ಲಿ ನಿಂತಳು. ಮುಖದಲ್ಲಿ ತಪ್ಪಿತಸ್ಥರ ಕಳೆ ಇರಲಿಲ್ಲ, ಇದ್ದದ್ದು ಸಂಸಾರ ಬಲ್ಲವಳ ಹೆಮ್ಮೆ.

"ಅಣ್ಣ ಒಂದೇ ಮಾತ್ರೆ ಕೊಟ್ಟ ಅಲ್ವಾ. ಆರು ಕೆಜಿಗೆ ಒಂದು ಎಲ್ಲಿ ಸಾಕಾಗುತ್ತೆ? ಅದಕ್ಕೇ ಅಡಕತ್ತರೀಲಿ ಎರಡು ಮಾಡಿದೆ. ಅರ್ಧ ನುಂಗಿದೆ, ಅರ್ಧ ಉಗುರುಬೆಚ್ಚಗಿನ ಹಾಲಿಗೆ ಹಾಕಿ ಹೆಪ್ಪಿಟ್ಟೆ."

"ಮಾತ್ರೇನ ಹೆಪ್ಪಿಟ್ಯಾ?"

"ಒಳಗೆ ಜೀವ ಇದಾವೆ ಅಂತ ಅವನೇ ಹೇಳ್ಲಿಲ್ವಾ? ಜೀವ ಇದ್ರೆ ಹೆಪ್ಪಾಗುತ್ತೆ. ಇಪ್ಪತ್ತೇಳು ವರ್ಷದ ಹಿಂದೆ ಅವ್ವನ ಮನೆಯಿಂದ ಒಂದು ಚಮಚ ಹೆಪ್ಪು ತಂದಿದ್ದೆ, ಇವತ್ತಿನವರೆಗೂ ಈ ಮನೇಲಿ ಹೆಪ್ಪು ತಪ್ಪಿಲ್ಲ, ಗೊತ್ತಾ? ದಿನಾ ಬೆಳಿಗ್ಗೆ ಒಂದು ಚಮಚ ತಿಂತೀನಿ, ಮಿಕ್ಕಿದ್ದಕ್ಕೆ ಹೊಸ ಹಾಲು ಹಾಕ್ತೀನಿ."

ನಾನು ಆ ಬಟ್ಟಲಿಗೆ ಮತ್ತೆ ತಟ್ಟೆ ಮುಚ್ಚಿದೆ. ಭಾವ ಬರೆದ ಒಂಬತ್ತು ದಿನದ ಆಯಸ್ಸು ಹಳೆಯ ಜೀವಿಗಳಿಗೆ. ಇವಳು ದಿನಾ ಹೊಸ ಹಾಲು ಹಾಕಿ ದಿನಾ ಹೊಸ ಮರಿ ಮಾಡಿಸುತ್ತಿದ್ದಳು. ಅವಕ್ಕೆ ಆಯಸ್ಸು ಬರೆಯುವವರು ಯಾರೂ ಇರಲಿಲ್ಲ.

"ಈಗಲೇ ಚೆಲ್ಲು ಅದನ್ನ. ನಡಿ ಡಾಕ್ಟರ ಹತ್ರ."

"ಅಯ್ಯೋ, ಮೂರು ಕೆಜಿ ಇಳಿದಿದೀನಿ ಕಣ್ರಿ. ಇನ್ನು ಮೂರು. ಅಲ್ಲೀತನಕ ಸುಮ್ನಿರಿ, ನಿಮಗೆ ಕೈ ಮುಗೀತೀನಿ. ನನ್ನ ಮೊಮ್ಮಗೂಗೆ ಬೇರೆ ಯಾರೋ ನೀರು ಹಾಕೋದನ್ನ ನಾನು ನಿಂತು ನೋಡ್ಬೇಕಾ?"

ಅವಳ ಕಣ್ಣು ತುಂಬಿತು. ನಾನು ಸೋತೆ. ಡಾಕ್ಟರ ಹತ್ತಿರವಾದರೂ ಹೋಗೋಣ, ಮಾತ್ರೆಯ ವಿಷಯ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನನ್ನ ಜೀವನದಲ್ಲಿ ನಾನು ಉಳಿಸಿಕೊಂಡ ಅತ್ಯಂತ ದಡ್ಡ ಮಾತು ಅದು.

ಡಾಕ್ಟರಮ್ಮ ನಾಡಿ ನೋಡಿದರು, ಗಡಿಯಾರ ನೋಡಿದರು, ಮತ್ತೆ ನಾಡಿ ನೋಡಿದರು. "ನಿಮಿಷಕ್ಕೆ ನೂರಾ ಹದಿನೆಂಟು. ಜ್ವರ ಇದೆ, ಆದರೆ ಗಂಟಲು, ಎದೆ, ರಕ್ತ ಎಲ್ಲ ಸರಿ ಇದೆ. ಏನಾದರೂ ತಗೊಂಡ್ರಾ? ತೂಕ ಇಳಿಸೋ ಪುಡಿ, ಮಾತ್ರೆ, ಕಷಾಯ?"

"ಏನಿಲ್ಲ ಡಾಕ್ಟ್ರೆ," ಎಂದಳು ನನ್ನ ಹೆಂಡತಿ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿದ್ದ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ. "ಮೂರು ದಿನ ಬಿಟ್ಟು ಬನ್ನಿ. ಅಷ್ಟರಲ್ಲಿ ಹೆಚ್ಚಾದರೆ ಆ ಕ್ಷಣ ಬನ್ನಿ. ಇಂಥ ಹೃದಯ ಬಡಿತ ಆಟ ಅಲ್ಲ," ಎಂದರು ಅವರು.

ಆಟ ಅಲ್ಲ ಎಂಬ ಮಾತು ನನ್ನ ತಲೆಯೊಳಗೆ ಮೂರು ದಿನ ಕುಣಿಯಿತು. ಕೆಲಸದಲ್ಲಿ ಟ್ಯಾಂಕಿನ ಮುಂದೆ ನಿಂತು ನಾಲ್ಕು ಡಿಗ್ರಿಯ ಜಾಗದಲ್ಲಿ ನೂರಾ ಹದಿನೆಂಟು ಬರೆದು, ಮೇಲಧಿಕಾರಿಯಿಂದ ಬೈಸಿಕೊಂಡೆ.

*

ಜನವರಿ ಎರಡನೆಯ ವಾರ ಸ್ಪಂದನ ಬಾಣಂತನಕ್ಕೆ ಬಂದಳು. ಅಷ್ಟರಲ್ಲಿ ಇನ್ನೊಂದು ವಿಚಿತ್ರ ನನ್ನ ಗಮನಕ್ಕೆ ಬಂದಿತ್ತು. ಆ ಕೊರೆಯುವ ಚಳಿಯಲ್ಲಿ ನಮ್ಮ ಬೀದಿಯ ಹೆಂಗಸರು ಸ್ವೆಟರ್ ಬಿಚ್ಚಿ, ಜಗಲಿಯ ಮೇಲೆ ಕೂತು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಪಕ್ಕದ ಬೀದಿಯವರು ಮಂಕಿ ಟೋಪಿ ಹಾಕಿಕೊಂಡು ಹೋಗುತ್ತ ಇವರನ್ನು ತಿರುತಿರುಗಿ ನೋಡುತ್ತಿದ್ದರು. ಏನೋ ಇರಬೇಕು ಎಂದುಕೊಂಡೆ. ಮನೆಯ ಚಿಂತೆಯಲ್ಲಿ ಬೀದಿಯ ಚಿಂತೆಗೆ ಪುರುಸೊತ್ತಿರಲಿಲ್ಲ.

ಸ್ಪಂದನ ಆಟೋ ಇಳಿದು ಒಳಗೆ ಬಂದು ಕೂತಳು. ಸರ್ವಮಂಗಳ ಓಡಿ ಬಂದು ಮಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟಳು. ಒಳಗಿನ ಮಗು ಎಷ್ಟು ಜೋರಾಗಿ ಒದೆಯಿತೆಂದರೆ ನನಗೇ ಕಾಣಿಸಿತು. ಸ್ಪಂದನ ಥಟ್ಟನೆ ಹಿಂದೆ ಸರಿದಳು.

"ಅಮ್ಮ, ಕೈ ತೆಗಿ. ನಿನ್ನ ಕೈ ಸುಡ್ತಾ ಇದೆ."

ಸರ್ವಮಂಗಳ ಕೈ ತೆಗೆದಳು. ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅಡುಗೆಮನೆಗೆ ಹೋಗಿ ನೀರಿನ ಕೊಡದೊಳಗೆ ಎರಡೂ ಕೈ ಮುಳುಗಿಸಿ ನಿಂತಳು. ನಾನು ಹಿಂದೆ ಹೋದೆ.

"ರೀ," ಎಂದಳು ನನ್ನ ಕಡೆ ತಿರುಗದೆ. "ಕಾಲ ಮೇಲೆ ಮಲಗಿಸ್ಕೊಂಡ್ರೆ ಆ ಎಳೆ ಮೈ ಏನಾಗುತ್ತೆ?"

ಅಷ್ಟರಲ್ಲಿ ಅವಳ ಮಂಡಿ ಮಡಚಿಕೊಂಡಿತು. ಅವಳು ಕೊಡದ ಸಮೇತ ನೆಲಕ್ಕೆ ಕುಸಿದಳು. ನಾನೂ ಪಕ್ಕದ ಮನೆಯವರೂ ಸೇರಿ ಎತ್ತಿ ಆಟೋಗೆ ಹಾಕುವಾಗ ನನ್ನ ಕೈ ಕಾಲು ತಣ್ಣಗಾಗಿತ್ತು. ಅವಳದ್ದು ಕೆಂಡದ ಹಾಗಿತ್ತು. ದಾರಿಯುದ್ದಕ್ಕೂ ಅವಳ ಮಣಿಕಟ್ಟು ಹಿಡಿದುಕೊಂಡು ಎಣಿಸಿದೆ. ನೂರಾ ನಲವತ್ತು ದಾಟಿದ ಮೇಲೆ ಎಣಿಸುವ ಧೈರ್ಯ ಬರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರಮ್ಮನ ಮುಂದೆ ನನ್ನ ಬಾಯಿಂದ ಎಲ್ಲ ಹೊರಗೆ ಬಿತ್ತು. ಕುಕ್ಕರು, ಮಾತ್ರೆ, ಅಡಕತ್ತರಿ, ಹೆಪ್ಪು, ನಾನು ಹಲ್ಲಿನ ಚಿತ್ರ ನೋಡಿದ್ದು.

"ಅವತ್ತೇ ಹೇಳಿದ್ರೆ ಇವತ್ತು ಹೀಗಾಗ್ತಿರಲಿಲ್ಲ," ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒದ್ದೆ ಬಟ್ಟೆ, ಫ್ಯಾನು, ಸಲೈನು, ಎದೆಗೆ ತಂತಿ. ಮೂರು ದಿನ ಅವಳ ಮಂಚದ ಪಕ್ಕದ ಯಂತ್ರ ಟಿಕ್ ಟಿಕ್ ಎನ್ನುತ್ತ ಬಡಿತ ತೋರಿಸುತ್ತಿತ್ತು. ನಾನು ಆ ಯಂತ್ರದ ಮುಂದೆ ಕೂತವನು ಕದಲಲಿಲ್ಲ. ಒದ್ದೆ ಬಟ್ಟೆ ಹಣೆಗಿಟ್ಟರೆ ಆವಿ ಏಳುತ್ತಿತ್ತು. ನರ್ಸು ಬಂದು, "ಏನ್ ಸಾರ್, ಇವರ ಪಕ್ಕ ನಿಂತ್ರೆ ನಮ್ಮ ನೆಗಡಿ ಹೋಗ್ತಾ ಇದೆ," ಎಂದಳು. ನನಗೆ ನಗು ಬರಲಿಲ್ಲ.

ಭಾವ ಬಂದರು. ಬಾಗಿಲಲ್ಲೇ ನಿಂತು ತಂಗಿಯ ಮುಖ ನೋಡಿದರು. ಎದೆ ಉಬ್ಬಿಸುವ ಮನುಷ್ಯ ಅವತ್ತು ಗೋಣಿಚೀಲದ ಹಾಗೆ ಕುಗ್ಗಿದ್ದರು.

"ನನ್ನ ಲೆಕ್ಕದಲ್ಲಿ ಹೆಪ್ಪು ಇರಲಿಲ್ಲ ರೇಣುಕಪ್ಪ," ಎಂದರು ಮೆಲ್ಲಗೆ. "ಯಾರು ತಾನೆ ಮಾತ್ರೇನ ಹೆಪ್ಪಿಡ್ತಾರೆ?"

"ನಮ್ಮ ಮನೇಲಿ ಇಡ್ತಾರೆ. ನೀವು ಅವಳ ಜೊತೇಲೇ ಹುಟ್ಟಿ ಬೆಳೆದೋರು, ನಿಮಗೆ ಗೊತ್ತಿರಬೇಕಿತ್ತು," ಎಂದೆ. ನನಗೆ ನಿಜಕ್ಕೂ ಕೋಪ ಬಂದಿತ್ತು. "ಅವಳು ನಿಮ್ಮನ್ನ ನಂಬಿ ನುಂಗಿದ್ದು ಭಾವ. ಯಂತ್ರಾನ ನಂಬಿ ಅಲ್ಲ."

ಭಾವ ತಮ್ಮ ಎಣ್ಣೆ ಕಲೆಯ ಪುಸ್ತಕ ತೆಗೆದು ಡಾಕ್ಟರಮ್ಮನ ಮುಂದೆ ಹಿಡಿದರು. ಆ ಜೀವಿಗಳನ್ನು ಔಷಧಿಯಿಂದ ಸಾಯಿಸಲು ಹೋದರೆ ರೊಚ್ಚಿಗೆದ್ದು ಇನ್ನಷ್ಟು ಶಾಖ ಬಿಡುತ್ತವೆ, ಉಪವಾಸ ಕೆಡವಿಯೇ ಸಾಯಿಸಬೇಕು ಎಂದರು. ಅವಕ್ಕೆ ಪ್ರೀತಿಯಾದ್ದು ಬಿಳಿ ಅನ್ನ, ಸಕ್ಕರೆ, ಮೈದಾ, ತುಪ್ಪ. ಸೊಪ್ಪು, ಕಾಳು, ರಾಗಿ ಅಂದರೆ ಆಗುವುದಿಲ್ಲ.

"ಅಂದ್ರೆ ಅನ್ನ ಅರ್ಧ, ಸೊಪ್ಪು ತರಕಾರಿ ಎರಡರಷ್ಟು, ರಾತ್ರಿ ರಾಗಿ, ಸಿಹಿ ಬೇಡ," ಎಂದರು ಡಾಕ್ಟರಮ್ಮ.

"ಹಾಂ, ಹಾಂ. ಎಷ್ಟು ಚೆನ್ನಾಗಿ ಹೇಳಿದ್ರಿ. ಎಲ್ಲಿ ಓದಿದ್ರಿ?"

"ದಸರಾದಲ್ಲಿ ನಾನೇ ಬರೆದುಕೊಟ್ಟಿದ್ದೆ. ಚೀಟಿ ಎಲ್ಲಿ?"

ಮಂಚದ ಮೇಲಿಂದ ಸರ್ವಮಂಗಳ ಸಣ್ಣ ದನಿಯಲ್ಲಿ, "ಕ್ಯಾಲೆಂಡರ್ ಹಿಂದೆ," ಎಂದಳು.

*

ಅವಳು ಮನೆಗೆ ಬಂದ ದಿನ ನನಗೆ ಎರಡನೆಯ ಆಘಾತ ಕಾದಿತ್ತು.

"ರೀ, ಒಂದು ವಿಷ್ಯ. ಆ ಹೆಪ್ಪನ್ನ ಪುಟ್ಟಗಂಗಮ್ಮನೂ ಇಸ್ಕೊಂಡ್ರು."

"ಎಷ್ಟು?"

"ಒಂದು ಚಮಚ. ಅವರಿಂದ ಪಕ್ಕದೋರು. ಅವರಿಂದ ಮೂಲೆ ಮನೆಯೋರು. ಒಟ್ಟು ಹನ್ನೊಂದು ಮನೆ."

"ಯಾಕೆ ಕೊಟ್ಟೆ ಮಾರಾಯ್ತಿ?"

"ಹೆಪ್ಪು ಕೇಳ್ಕೊಂಡು ಬಟ್ಟಲು ಹಿಡ್ಕೊಂಡು ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನೋಕಾಗುತ್ತಾ? ದೀಪ ಹಚ್ಚಿದ ಮೇಲೆ ಮಾತ್ರ ಯಾರಿಗೂ ಕೊಟ್ಟಿಲ್ಲ," ಎಂದಳು. ಶಾಸ್ತ್ರ ಮೀರಿಲ್ಲ ಎಂಬುದು ಅವಳಿಗೆ ದೊಡ್ಡ ಸಮಾಧಾನ.

ನಾನು ಥರ್ಮಾಮೀಟರ್ ಜೇಬಿಗಿಟ್ಟುಕೊಂಡು ಮನೆ ಮನೆಗೆ ಹೊರಟೆ. ಯಾರೂ ಒಪ್ಪಲಿಲ್ಲ. ಹಣೆಯಿಂದ ಬೆವರು ಇಳಿಯುತ್ತಿದ್ದರೂ "ನಮಗೇನಾಗಿದೆ?" ಎಂದರು. ಮೂಲೆ ಮನೆಯ ಯಜಮಾನರಂತೂ ಬನಿಯನ್ನಿನಲ್ಲೇ ನಿಂತು, "ನಮ್ಮ ಮನೆ ಹೆಂಗಸರು ಅಂಥದ್ದೆಲ್ಲ ಮುಟ್ಟಲ್ಲ," ಎಂದು ಹೇಳಿ, ಮಾತು ಮುಗಿಸುವಷ್ಟರಲ್ಲಿ ಹಿಂಡುವಷ್ಟು ಒದ್ದೆಯಾದರು. ಕೊನೆಗೆ ನಾನು ಸರ್ವಮಂಗಳಳನ್ನೇ ಜಗಲಿಗೆ ಕರೆತಂದು ಕೂರಿಸಿದೆ. ಕಣ್ಣ ಸುತ್ತ ಕಪ್ಪು, ಇಳಿದ ಕೆನ್ನೆ, ಬಾಚಿದರೆ ಕೈಗೆ ಬರುವ ಕೂದಲು. ಅವಳು ಬೀದಿಗೆ ಕೇಳುವ ಹಾಗೆ ಒಂದೇ ಮಾತು ಹೇಳಿದಳು.

"ತೂಕ ಇಳೀತು ಕಣ್ರವ್ವ. ಆದ್ರೆ ಮಗಳ ಮೈ ಮುಟ್ಟೋಕಾಗ್ಲಿಲ್ಲ."

ಅರ್ಧ ಗಂಟೆಯೊಳಗೆ ಹನ್ನೊಂದು ಬಟ್ಟಲು ನಮ್ಮ ಜಗಲಿಯ ಮೇಲಿದ್ದವು. ನಮ್ಮ ಬಟ್ಟಲಿನದ್ದೂ ಸೇರಿಸಿ ಎಲ್ಲವನ್ನೂ ಒಂದು ಬಕೆಟ್ಟಿಗೆ ಸುರಿದರು. ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿಬಿಡಿ ಎಂದು ಹೇಳಿ ನಾನು ಕೆಲಸಕ್ಕೆ ಹೋದೆ.

ಮಾರನೆಯ ದಿನ ಬೆಳಗಿನ ಐದಕ್ಕೆ ಸರ್ವಮಂಗಳ ನನ್ನನ್ನು ಎಬ್ಬಿಸಿದಳು. ಮನೆಯೊಳಗೆ ಉರಿ ತಡೆಯಲಾಗುತ್ತಿಲ್ಲ, ಹೊರಗಿನ ಚಳಿಯಲ್ಲಿ ಮೆಲ್ಲಗೆ ಎರಡು ಹೆಜ್ಜೆ ಹಾಕಿದರೆ ಹಿತವಾಗುತ್ತದೆ, ಡಾಕ್ಟರಮ್ಮನೂ ಆಗಬಹುದು ಅಂದಿದ್ದಾರೆ ಎಂದಳು. ಬಾಗಿಲು ತೆಗೆದರೆ ಹನ್ನೊಂದು ಮನೆಯವರೂ ಬೀದಿಯಲ್ಲಿದ್ದರು. ಹತ್ತಿ ಸೀರೆ, ಬರಿಗಾಲು, ಬಾಯಿಂದ ಬುಸುಬುಸು ಆವಿ. ಮೊದಲ ದಿನ ಬೀದಿಯ ತುದಿಯವರೆಗೆ ಹೋಗಿ ಬಂದೆವು. ವಾರ ಕಳೆದ ಮೇಲೆ ಕೆರೆ ಏರಿಯವರೆಗೆ. ನಾನು ಮಫ್ಲರ್ ಸುತ್ತಿಕೊಂಡು, ಹಲ್ಲು ಕಟಕಟಿಸುತ್ತ, ಅವಳ ಮಣಿಕಟ್ಟಿನ ಬಡಿತ ಎಣಿಸುತ್ತ ಪಕ್ಕದಲ್ಲಿ ನಡೆದೆ. ನೂರಾ ಹತ್ತು. ನೂರಾ ಎರಡು. ತೊಂಬತ್ತಾರು. ಪ್ರತಿ ಬೆಳಿಗ್ಗೆ ಮನೆಗೆ ಬಂದೊಡನೆ ಆ ಸಂಖ್ಯೆಯನ್ನು ನೋಟುಬುಕ್ಕಿಗೆ ಇಳಿಸುತ್ತಿದ್ದೆ.

ಸಂಜೆ ಎಲ್ಲರ ಮನೆಯಲ್ಲೂ ಮುದ್ದೆ, ಸೊಪ್ಪಿನ ಸಾರು. ಮೂಲೆ ಮನೆಯ ಯಜಮಾನರು ಕದ್ದು ಒಂದು ಜಹಾಂಗೀರು ತಿಂದು, ಇಡೀ ಸಂಜೆ ನಲ್ಲಿಯ ಕೆಳಗೆ ತಲೆ ಕೊಟ್ಟು ಕೂತರು. ಅದಾದ ಮೇಲೆ ಬೀದಿಯಲ್ಲಿ ಯಾರೂ ಸಿಹಿಯ ಹೆಸರೆತ್ತಲಿಲ್ಲ.

ಈ ಮಧ್ಯೆ ಒಂದು ಬೆಳಿಗ್ಗೆ ನಮ್ಮ ಕೇಂದ್ರದ ತಂಪು ಮಾಡುವ ಯಂತ್ರ ಕಿರುಚಿ ನಿಂತುಹೋಯಿತು. ನೋಡಿದರೆ ಸಾಲಿನ ಕೊನೆಯ ಕ್ಯಾನಿನಿಂದ ಹೊಗೆಯಾಡುತ್ತಿತ್ತು. ಅಳತೆ ಕಡ್ಡಿ ಅದ್ದಿದೆ. ಎಪ್ಪತ್ತೊಂದು ಡಿಗ್ರಿ. ಮೇಲೆ ಕೆನೆ ಕಟ್ಟಿತ್ತು. ಕ್ಯಾನಿನ ಮೇಲಿದ್ದ ಹೆಸರು ಓದಿ ಸೀದಾ ಬೀದಿಗೆ ಓಡಿದೆ.

"ಪುಟ್ಟಗಂಗಮ್ಮನೋರೇ, ಆ ಬಕೆಟ್ಟಿನ ಮೊಸರು ಏನ್ ಮಾಡಿದ್ರಿ?"

"ಮೊಸರ್ನ ಯಾರಾದ್ರೂ ಮಣ್ಣಿಗೆ ಹಾಕ್ತಾರೇನಪ್ಪ? ಮುಸುರೆ ಬಾನಿಗೆ ಉಯ್ದೆ, ನಮ್ಮ ಹಸ ಕುಡ್ಕಂತು. ಪಾಪ, ಅದೂ ಭಾಳ ದಪ್ಪ ಆಗಿತ್ತು."

ಹಸು ಕೆರೆಯಲ್ಲಿ ಕುತ್ತಿಗೆಯವರೆಗೆ ಮುಳುಗಿ, ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಹುಲ್ಲು ತಿನ್ನುವ ಪ್ರಾಣಿಯ ಹೊಟ್ಟೆಯಲ್ಲಿ ಆ ಜೀವಿಗಳು ರಾಜಿ ಮಾಡಿಕೊಂಡು ಸಂಸಾರ ಹೂಡಿವೆ, ಹಸುವಿಗೆ ಏನೂ ಅಪಾಯವಿಲ್ಲ, ಕಾದು ಬರುವ ಹಾಲಿನಲ್ಲಿ ಅವು ಬದುಕುವುದೂ ಇಲ್ಲ ಎಂದು ಭಾವ ಪರೀಕ್ಷಿಸಿ ಹೇಳಿದರು. ಡಾಕ್ಟರಮ್ಮನೂ ದೊಡ್ಡ ಊರಿಗೆ ಹಾಲು ಕಳಿಸಿ, ಪರೀಕ್ಷೆ ಮಾಡಿಸಿ, ಹೌದೆಂದ ಮೇಲೆಯೇ ನಾನು ನಂಬಿದೆ.

*

ಫೆಬ್ರವರಿ ಕೊನೆಗೆ ಸ್ಪಂದನಳಿಗೆ ಹೆಣ್ಣು ಮಗು ಹುಟ್ಟಿತು. ಸರ್ವಮಂಗಳಳ ಜ್ವರ ಆಗ ತೊಂಬತ್ತೊಂಬತ್ತು, ಮಂಡಿಗೆ ಇನ್ನೂ ಅಪ್ಪಣೆ ಇಲ್ಲ. ಒಂದು ತಿಂಗಳು ಪುಟ್ಟಗಂಗಮ್ಮ ಬಂದು ಮಗುವಿಗೆ ನೀರು ಹಾಕಿದರು. ಸರ್ವಮಂಗಳ ಬಚ್ಚಲ ಬಾಗಿಲು ಹಿಡಿದು ನಿಂತು ನೋಡಿದಳು. ಯಾವುದು ಆಗಬಾರದೆಂದು ಆ ಮಾತ್ರೆ ನುಂಗಿದ್ದಳೋ ಅದೇ ಆಗಿತ್ತು. ನನಗೆ ಅವಳ ಬೆನ್ನು ನೋಡುವುದು ಕಷ್ಟವಾಗುತ್ತಿತ್ತು. ಅವಳು ಮಾತ್ರ ಬೆಳಿಗ್ಗೆ ಐದಕ್ಕೆ ತಪ್ಪದೆ ಚಪ್ಪಲಿ ಮೆಟ್ಟುತ್ತಿದ್ದಳು. ಈಗ ಚಳಿಯೂ ಇರಲಿಲ್ಲ, ಉರಿಯೂ ಇರಲಿಲ್ಲ. ನಡೆಯುವುದಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ಯುಗಾದಿ ಕಳೆದ ಮೂರನೆಯ ದಿನ ಥರ್ಮಾಮೀಟರ್ ತೊಂಬತ್ತೆಂಟೂವರೆ ತೋರಿಸಿತು. ಬಡಿತ ಎಪ್ಪತ್ತಾರು. ಆಸ್ಪತ್ರೆಯಿಂದ ಬಂದ ಮೇಲೆ ಮಾತ್ರೆಯ ಮೂರು ಕೆಜಿಯಲ್ಲಿ ಎರಡು ವಾಪಸ್ಸು ಬಂದಿದ್ದವು. ಚೀಟಿಯ ಪ್ರಕಾರ ನಡೆದದ್ದರಿಂದ ಇಳಿದ ಐದು ಮಾತ್ರ ಇಳಿದೇ ಇದ್ದವು. ಡಾಕ್ಟರಮ್ಮ ಮಂಡಿ ಒತ್ತಿ ನೋಡಿ ತಲೆ ಆಡಿಸಿದರು.

ಅವತ್ತು ಬಚ್ಚಲಲ್ಲಿ ಸರ್ವಮಂಗಳ ತಾನೇ ಮಣೆ ಹಾಕಿಕೊಂಡಳು. ಗೋಡೆಗೆ ಒಂದು ಕೈ ಕೊಟ್ಟು ಕೂತು ಕಾಲು ಚಾಚಿದಳು. ಮಗುವನ್ನು ಎತ್ತಿಕೊಳ್ಳುವ ಮೊದಲು ನನ್ನ ಕಡೆ ಅಂಗೈ ಚಾಚಿದಳು.

"ಮುಟ್ಟಿ ನೋಡ್ರಿ. ಬಿಸಿ ಇದೆಯಾ?"

ಮುಟ್ಟಿದೆ. ಸಾಮಾನ್ಯ ಮನುಷ್ಯರ ಕೈ. ಇಪ್ಪತ್ತೇಳು ವರ್ಷದಿಂದ ನನಗೆ ಗೊತ್ತಿದ್ದ ಕೈ.

"ಇಲ್ಲ ಕಣೆ," ಎಂದೆ.

ಮಗು ಅವಳ ಕಾಲ ಮೇಲೆ ಮಲಗಿ, ಎಣ್ಣೆ ಹಚ್ಚಿಸಿಕೊಂಡು, ಮೊದಲ ಚೊಂಬು ನೀರು ಬಿದ್ದದ್ದೇ ಬೀದಿಗೆ ಕೇಳುವ ಹಾಗೆ ಕಿರುಚಿತು. ಸರ್ವಮಂಗಳಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ. ಆಮೇಲೆ ಮಗುವನ್ನು ಸ್ಪಂದನಳ ಕೈಗೆ ಕೊಟ್ಟು, ನಾನು ಎತ್ತಲು ಮುಂದೆ ಬಂದಾಗ "ಸರೀರಿ ಅತ್ಲಾಗೆ" ಎಂದು ತಾನೇ ಎದ್ದು ನಿಂತಳು.

ಹೊರಗೆ ಭಾವ ಕಾಯುತ್ತಿದ್ದರು. ಕಂಕುಳಲ್ಲಿ ಏನೋ ಹೊಸ ಕುಕ್ಕರು ಇತ್ತು. "ನೋಡಿದ್ರಾ ರೇಣುಕಪ್ಪ, ಕೊನೆಗೂ ಇಡೀ ಬೀದಿ ತೂಕ ಇಳೀತು. ನಮ್ಮ ಮಾತ್ರೆ ಇಲ್ದೇ ಇದ್ರೆ ಇವರೆಲ್ಲ ನಡೀತಿದ್ರಾ?"

ಕುಕ್ಕರನ್ನು ಇಸಿದುಕೊಂಡು ಒಳಗಿಟ್ಟೆ. ಈಗ ಅದರಲ್ಲಿ ಬೇಳೆ ಬೇಯುತ್ತಿದೆ. ಡಾಕ್ಟರಮ್ಮನ ಚೀಟಿ ಕ್ಯಾಲೆಂಡರಿನ ಮುಂದೆ ಇದೆ, ಹಾಳೆ ತಿರುವಿದಾಗಲೆಲ್ಲ ನಾನೇ ಮತ್ತೆ ಮುಂದಕ್ಕೆ ಸಿಕ್ಕಿಸುತ್ತೇನೆ. ಪುಟ್ಟಗಂಗಮ್ಮನ ಹಸುವಿನ ಹಾಲನ್ನು ನಮ್ಮ ಕೇಂದ್ರದಲ್ಲಿ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅದು ಈಗ ನಮ್ಮ ಮನೆಗೇ ಬರುತ್ತದೆ. ಸೀದಾ ಲೋಟಕ್ಕೆ ಬಗ್ಗಿಸಿ ಕಾಫಿ ಡಿಕಾಕ್ಷನ್ ಹಾಕುತ್ತೇವೆ. ಒಲೆ ಹಚ್ಚಬೇಕಾಗಿಲ್ಲ.